ತಂಗೆವ್ವನ ಹಿಟ್ಟಿನ ಚೀಲ

ತಾವರೆಕೆರೆ ಮುಖ್ಯರಸ್ತೆಯಿಂದ ಬಿಟಿಎಂ ಲೇಔಟಿನ ಒಳಕ್ಕೆ ತಿರುಗುವ ಮೂಲೆಯಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ಅದಕ್ಕೆ ಬೋರ್ಡು ಇರಲಿಲ್ಲ, ಬೋರ್ಡಿನ ಅಗತ್ಯವೂ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬೆಲ್ಟು ತಿರುಗತೊಡಗಿದರೆ ಎರಡು ಬೀದಿಯಾಚೆಗೂ ಸದ್ದು ಕೇಳುತ್ತಿತ್ತು. ಆ ಸದ್ದನ್ನೂ ಮೀರಿ ಕೇಳುತ್ತಿದ್ದದ್ದು ತಂಗೆವ್ವನ ದನಿ. ಬಿಸಿ ಹಿಟ್ಟಿಗೆ ಮುಚ್ಚಳ ಹಾಕಬೇಡಿ, ಮನೆಗೆ ಹೋಗಿ ಪೇಪರಿನ ಮೇಲೆ ಹರವಿ, ಆರಿದ ಮೇಲೆ ತುಂಬಿ ಎಂದು ಅವಳು ದಿನಕ್ಕೆ ನೂರು ಸಲ ಹೇಳುತ್ತಿದ್ದಳು. ಹೇಳಿದ್ದನ್ನು ಕೇಳದೆ ಯಾರಾದರೂ ಅಲ್ಲೇ ಡಬ್ಬದ ಮುಚ್ಚಳ ಒತ್ತಿದರೆ ಅವಳೇ ಬಂದು ಅದನ್ನು ಕಿತ್ತು ಅವರ ಕೈಗೆ ಕೊಡುತ್ತಿದ್ದಳು.

ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಇತ್ತು, ಇಲ್ಲವೆನ್ನುವಂತಿಲ್ಲ. ಆದರೆ ಹನ್ನೆರಡು ವರ್ಷ ಒಬ್ಬ ಹೆಂಗಸು ಕಲ್ಲಿನ ಬಾಯಿಯ ಮುಂದೆ ನಿಂತು, ಬೇರೆಯವರ ಮನೆಯ ಹಿಟ್ಟು ಕೆಡದಿರಲಿ ಎಂದು ಗಂಟಲು ಹರಿದುಕೊಂಡರೆ ಅದಕ್ಕೆ ಸಿಟ್ಟು ಎಂಬ ಹೆಸರಿಡುವುದು ಯಾವ ನ್ಯಾಯ? ಗಿರಣಿಯಿಂದ ಬೀಳುವ ಹಿಟ್ಟು ಕೈ ಸುಡುವಷ್ಟು ಬಿಸಿ ಇರುತ್ತದೆ. ಹಾಗೇ ಮುಚ್ಚಿಟ್ಟರೆ ಒಳಗೇ ಬೆವರುತ್ತದೆ, ಬೆವರಿ ಗಂಟು ಕಟ್ಟುತ್ತದೆ, ಗಂಟಿನಲ್ಲಿ ಬೂಷ್ಟು ಕೂರುತ್ತದೆ. ಆಮೇಲೆ ಗಿರಣಿಯವರಿಗೆ ಬೈಗುಳ. ಇಷ್ಟು ಗೊತ್ತಾಗಲು ದೊಡ್ಡ ಓದು ಬೇಕಿಲ್ಲ. ದೊಡ್ಡ ಓದು ಓದಿದವರಿಗೆ ಇದು ಗೊತ್ತಾಗಲಿಲ್ಲ ಎನ್ನುವುದೇ ಈ ಕತೆ.

ತಂಗೆವ್ವ ರೋಣದ ಕಡೆಯವಳು. ತೊಂಬತ್ತೆರಡರಲ್ಲಿ ಗಂಡ ದ್ಯಾಮಣ್ಣನ ಜೊತೆ ಬೆಂಗಳೂರಿಗೆ ಬಂದಾಗ ಅವಳ ಟ್ರಂಕಿನಲ್ಲಿ ಎರಡು ಸೀರೆ, ಒಂದು ರೊಟ್ಟಿಯ ಹಂಚು, ತಾಯಿ ಹೊಲಿದುಕೊಟ್ಟ ನಾಲ್ಕು ಹಿಟ್ಟಿನ ಚೀಲ ಇದ್ದವು. ಇಬ್ಬರೂ ಅದೇ ಗಿರಣಿಯಲ್ಲಿ ಕೂಲಿಗೆ ನಿಂತರು. ನಾಲ್ಕು ವರ್ಷದ ಮೇಲೆ ಮಾಲೀಕರು ವಯಸ್ಸಾಗಿ ಕೈಬಿಟ್ಟಾಗ ಗಿರಣಿಯನ್ನು ಗಂಡ ಹೆಂಡತಿಯೇ ವಹಿಸಿಕೊಂಡರು. ದ್ಯಾಮಣ್ಣ ಮಾತು ಕಡಿಮೆಯ ಮನುಷ್ಯ. ವಾರಕ್ಕೊಮ್ಮೆ ಕಲ್ಲು ಬಿಚ್ಚಿ ಉಳಿಯಿಂದ ಗೆರೆ ಹೊಡೆಯುವಾಗಲೂ ಅವನ ಬಾಯಿಗಿಂತ ಉಳಿಯೇ ಹೆಚ್ಚು ಮಾತಾಡುತ್ತಿತ್ತು. ಬಾಡಿಗೆ ಕೋಣೆಗಳಲ್ಲಿದ್ದ ಗದಗ, ಬಿಜಾಪುರದ ಕಡೆಯ ಹುಡುಗರು ಜೋಳ ತರುತ್ತಿದ್ದರು. ಜಯನಗರ, ಜೆಪಿ ನಗರದ ಹೆಂಗಸರು ಗೋಧಿ, ರಾಗಿ ತರುತ್ತಿದ್ದರು.

ಆ ಚೀಲದ ವಿಷಯ ಹೇಳಬೇಕು. ಕೋರಾ ಬಟ್ಟೆಯ ಎರಡು ಪದರದ ಚೀಲ ಅದು. ಹೊರಗಿನ ಪದರವನ್ನು ಬೇವಿನ ಸೊಪ್ಪು, ಲಕ್ಕಿ ಸೊಪ್ಪು, ಕುಟ್ಟಿದ ಅರಿಶಿನದ ಕೊಂಬು, ಒಂದು ಹಿಡಿ ಲವಂಗ ಹಾಕಿದ ನೀರಿನಲ್ಲಿ ಕುದಿಸಿ, ಒಂದು ದಿನ ಅದರಲ್ಲೇ ಬಿಟ್ಟು, ನೆರಳಿನಲ್ಲಿ ಒಣಗಿಸುತ್ತಾರೆ. ಹೀಗೆ ಮೂರು ಸಲ. ಒಳಗಿನ ಪದರ ಬರೀ ಒಗೆದ ಬಟ್ಟೆ, ಹಿಟ್ಟಿಗೆ ಕಹಿ ತಾಗಬಾರದಲ್ಲ. ಇಂಥ ಚೀಲದಲ್ಲಿ ಆರಿದ ಹಿಟ್ಟು ತುಂಬಿ ಗಾಳಿಯಾಡುವ ಕಡೆ ತೂಗುಹಾಕಿದರೆ ಮಳೆಗಾಲದಲ್ಲೂ ಹುಳ ಹತ್ತುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಬೇವಿಗೆ ಜಯನಗರದ ಸಾಲುಮರಗಳಿದ್ದವು. ಲಕ್ಕಿಗೆ ಸಾರಕ್ಕಿ ಕೆರೆಯ ಏರಿ ಇತ್ತು. ಉಳಿದದ್ದು ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತಿತ್ತು.

ತಂಗೆವ್ವನ ತವರಿನ ಓಣಿಯಲ್ಲಿ ಈ ಚೀಲಕ್ಕೆ ಒಂದು ಕಟ್ಟಳೆಯೂ ಇತ್ತು. ಚೀಲ ಹೊಲಿದುಕೊಟ್ಟವಳು ಅದರೊಳಗಿನ ಹಿಟ್ಟಿಗೂ ಹೊಣೆ. ಹಿಟ್ಟು ಕೆಟ್ಟರೆ ಯಾಕೆ ಕೆಟ್ಟಿತು, ಯಾರು ಕೆಡಿಸಿದರು ಎಂದು ಮೊದಲು ಕೇಳುವಂತಿಲ್ಲ. ಚೀಲ ಕೊಟ್ಟವಳು ಮೊದಲು ಅಷ್ಟೇ ಹಿಟ್ಟು ತಂದು ಆ ಮನೆಯ ಪಾತ್ರೆಗೆ ಸುರಿಯಬೇಕು. ಹಸಿದ ಮನೆಯ ಮುಂದೆ ನಿಂತು ವಾದ ಮಾಡಬಾರದು. ನ್ಯಾಯ ಏನಿದ್ದರೂ ರೊಟ್ಟಿ ತಟ್ಟಿದ ಮೇಲೆ. ಅವಳ ತಾಯಿ ಜೀವನದಲ್ಲಿ ಒಂದೇ ಸಲ ಹಾಗೆ ಹಿಟ್ಟು ಕೊಟ್ಟಿದ್ದಳಂತೆ, ಆಮೇಲೆ ನೋಡಿದರೆ ಆ ಮನೆಯವರು ಚೀಲವನ್ನು ಒದ್ದೆ ಗೋಡೆಗೆ ಒರಗಿಸಿಟ್ಟಿದ್ದರು. ಅವರೇ ಬಂದು ತಪ್ಪೊಪ್ಪಿಕೊಂಡು ಹಿಟ್ಟು ವಾಪಸು ಕೊಟ್ಟರು. ಓಣಿಯಲ್ಲಿ ಅದು ಹಾಗೆ ನಡೆಯುತ್ತಿತ್ತು, ಯಾಕೆಂದರೆ ಓಣಿಯಲ್ಲಿ ಎಲ್ಲರಿಗೂ ನಾಚಿಕೆ ಇತ್ತು.

ಗಿರಣಿಗೆ ಬರುವವರಲ್ಲಿ ಈ ಚೀಲವನ್ನು ಮೊದಲು ಕೇಳಿದವರು ಸೀತಾಲಕ್ಷ್ಮಿ. ಜಯನಗರ ನಾಲ್ಕನೇ ಟಿ ಬ್ಲಾಕಿನವರು, ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುತ್ತಿದ್ದರು. ತೊಂಬತ್ತೇಳರ ಮಳೆಗಾಲದಲ್ಲಿ ಹುಳ ಹತ್ತಿದ ಗೋಧಿ ಹಿಟ್ಟಿನ ಡಬ್ಬ ಹಿಡಿದು ಜಗಳಕ್ಕೆ ಬಂದವರು ಒಂದು ಚೀಲ ಹಿಡಿದು ವಾಪಸು ಹೋದರು. ಎರಡು ತಿಂಗಳಾದ ಮೇಲೆ ಅವರು ಗಿರಣಿಗೆ ಒಂದು ಗಾಜಿನ ತಟ್ಟೆ ತಂದರು. ಹಸಿರು ಕಪ್ಪು ಬೂಷ್ಟು ತಟ್ಟೆಯ ತುಂಬ ಬೆಳೆದಿತ್ತು. ನಡುವೆ ಚೀಲದ ಬಟ್ಟೆಯ ಒಂದು ತುಂಡು. ಅದರ ಸುತ್ತ ಬಳೆಯಗಲ ಜಾಗ ಮಾತ್ರ ಬೋಳು. ಬೂಷ್ಟು ಅಲ್ಲಿಯವರೆಗೆ ಬಂದು ನಿಂತುಬಿಟ್ಟಿತ್ತು. ನೋಡು ತಂಗೆವ್ವಾ, ನಿನ್ನ ಬಟ್ಟೆಗೆ ಹೆದರಿ ಹತ್ತಿರ ಬಂದಿಲ್ಲ, ಎಂದು ಅವರು ಚಿಕ್ಕ ಹುಡುಗಿಯ ಹಾಗೆ ಖುಷಿಪಟ್ಟರು. ನಮ್ಮವ್ವಗ ಇದು ತಟ್ಟಿ ಇಲ್ಲದ ಗೊತ್ತಿತ್ತು ಎಂದು ತಂಗೆವ್ವ ನಕ್ಕಳು. ಆದರೂ ಅವತ್ತು ಅವಳಿಗೆ ಹೆಮ್ಮೆಯಾಯಿತು. ಅವಳ ಊರಿನಲ್ಲಿ ಶಾಲೆ ಕಲಿಸುವ ಹೆಂಗಸರನ್ನು ಅಕ್ಕಾರು ಎನ್ನುತ್ತಾರೆ. ಅವತ್ತಿನಿಂದ ಸೀತಾಲಕ್ಷ್ಮಿ ಅವಳಿಗೆ ಅಕ್ಕಾರು ಆದರು. ಏಳು ವರ್ಷ ಅವರ ಮನೆಯ ಹಿಟ್ಟೆಲ್ಲ ಅವಳ ಚೀಲದಲ್ಲೇ ಇತ್ತು.

ಆ ತಟ್ಟೆಯ ಸುದ್ದಿಯನ್ನು ಭಾರ್ಗವನ ಕಿವಿಗೆ ಹಾಕಿದವರೂ ಅವರೇ.

ಭಾರ್ಗವ ಸೀತಾಲಕ್ಷ್ಮಿಯವರ ತಂಗಿಯ ಮಗ. ಎರಡು ಸಾವಿರದ ನಾಲ್ಕರಲ್ಲಿ ಜೆಪಿ ನಗರದಲ್ಲಿ ಒಂದು ಅಂಗಡಿ ತೆರೆದ. ಗಾಜಿನ ಬಾಗಿಲು, ಬಿದಿರಿನ ಬುಟ್ಟಿ, ಎಲ್ಲದಕ್ಕೂ ನ್ಯಾಚುರಲ್ ಎಂಬ ಚೀಟಿ. ಅಂಗಡಿಯಲ್ಲೇ ಒಂದು ಸಣ್ಣ ಗಿರಣಿ ಕೂರಿಸಿದ. ಗಿರಾಕಿಯ ಕಣ್ಣೆದುರೇ ಹಿಟ್ಟು ಬೀಸಿ ಐದು ನಿಮಿಷದಲ್ಲಿ ಪ್ಯಾಕ್ ಮಾಡಿ ಕೊಡುತ್ತೇವೆ ಎಂದು ಹೊರಗೆ ದೊಡ್ಡ ಅಕ್ಷರದಲ್ಲಿ ಬರೆಸಿದ. ಹಿಟ್ಟು ತುಂಬಲು ತಂಗೆವ್ವನ ಚೀಲ ಮುನ್ನೂರು ಬೇಕೆಂದ. ಚೀಲದ ಮೇಲೆ ಅಚ್ಚು ಹಾಕಿಸಲು ಅವನು ತಂದಿದ್ದ ಚೀಟಿಯಲ್ಲಿ ಬೇವಿನ ಎಲೆಯ ಚಿತ್ರವಿತ್ತು, ಅಂಗಡಿಯ ಹೆಸರಿತ್ತು, ನಿಸರ್ಗದತ್ತ ಜೀವಾಣುರೋಧಕ ಚೀಲ ಎಂಬ ಮಾತೂ ಇತ್ತು. ತಂಗೆವ್ವನ ಹೆಸರು ಇರಲಿಲ್ಲ. ಅವಳು ಅದನ್ನು ಕೇಳಲೂ ಇಲ್ಲ. ಹೇಳಿದ್ದು ಎರಡೇ ಮಾತು: ಹಿಟ್ಟು ಪೂರ್ತಿ ಆರುವ ತನಕ ತುಂಬಬಾರದು, ಚೀಲದ ಮೇಲೆ ಪ್ಲಾಸ್ಟಿಕ್ ಹಾಕಬಾರದು. ಭಾರ್ಗವ ಆಯ್ತು ಆಯ್ತು ಎಂದು ತಲೆಯಾಡಿಸಿದ. ಅವನ ಕೈಯಲ್ಲಿ ಮೊಬೈಲು ಇತ್ತು, ಕಣ್ಣು ಅದರ ಮೇಲಿತ್ತು.

ಒಂದೂವರೆ ತಿಂಗಳು ತಂಗೆವ್ವ ಚೀಲ ಬೇಯಿಸಿದಳು, ಒಣಗಿಸಿದಳು, ಹೊಲಿದಳು. ಗಿರಣಿಯ ಹಿಂದಿನ ಕೋಣೆಯ ತುಂಬ ಹಳದಿ ಬಟ್ಟೆಯ ಸಾಲು. ದ್ಯಾಮಣ್ಣ ಊಟಕ್ಕೆ ಕೂತರೂ ಬೇವಿನ ವಾಸನೆ ಎನ್ನುತ್ತಿದ್ದ. ಜೂನಿನಲ್ಲಿ ಮುನ್ನೂರೂ ಹೋದವು.

ಜುಲೈ ಕೊನೆಯ ಭಾನುವಾರ ಭಾರ್ಗವ ಫೋನು ಮಾಡಿಸಿದ. ಅಂಗಡಿಯ ಹಿಂದಿನ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ನಿವಾಸಿಗಳ ಸಭೆಯಿದೆ, ಚೀಲದ ವಿಷಯ ಮಾತಾಡಬೇಕು, ಬಂದುಹೋಗಬೇಕು ಎಂದು. ಇನ್ನಷ್ಟು ಚೀಲ ಕೇಳುತ್ತಾರೇನೋ ಎಂದುಕೊಂಡು ತಂಗೆವ್ವ ಹೊಸದಾಗಿ ಹೊಲಿದಿದ್ದ ಇಪ್ಪತ್ತು ಚೀಲ ಕಟ್ಟಿಕೊಂಡು, ಹಬ್ಬಕ್ಕೆಂದು ಇಟ್ಟಿದ್ದ ಇಳಕಲ್ ಸೀರೆ ಉಟ್ಟು ಹೋದಳು.

ಅಲ್ಲಿ ಮೇಜಿನ ಮೇಲೆ ಅವಳ ಚೀಲಗಳು ಬಾಯಿ ಬಿಚ್ಚಿ ಬಿದ್ದಿದ್ದವು. ಹಿಟ್ಟು ಹಸಿರಾಗಿತ್ತು. ಕೆಲವದರಲ್ಲಿ ಗಂಟುಗಳ ಮೇಲೆ ಕಪ್ಪು ಕೂದಲು ಬೆಳೆದಿತ್ತು. ಸುತ್ತ ನಲವತ್ತು ಮನೆಯವರು, ಮೂಗಿಗೆ ಕರ್ಚೀಫು. ಮುಂದಿನ ಸಾಲಿನಲ್ಲಿ ಸೀತಾಲಕ್ಷ್ಮಿ ಕೂತಿದ್ದರು. ವಿಷಯ ಬಲ್ಲವರು ಎಂದು ಭಾರ್ಗವನೇ ಕರೆಸಿದ್ದ. ಅವಳನ್ನು ಕಂಡು ಅವರು ತಲೆ ತಗ್ಗಿಸಿ ಕನ್ನಡಕ ಒರೆಸತೊಡಗಿದರು. ಭಾರ್ಗವ ಎದ್ದುನಿಂತು ತನ್ನ ಧಾನ್ಯ ಶುದ್ಧ, ಗಿರಣಿ ಹೊಸದು, ಹೊರಗಿನಿಂದ ತಂದದ್ದು ಚೀಲ ಒಂದೇ, ಅದನ್ನು ಹೊಲಿದವರು ಇವರು ಎಂದು ತಂಗೆವ್ವನ ಕಡೆ ಕೈ ತೋರಿಸಿದ. ಸೊಪ್ಪಿನ ನೀರಿನಲ್ಲಿ ಅದ್ದಿದ ಬಟ್ಟೆ ಸರಿಯಾಗಿ ಒಣಗಿರಲಿಲ್ಲ ಅನ್ಸುತ್ತೆ, ಓದಿದವರಲ್ಲ, ಪಾಪ, ಎಂದು ಕರುಣೆಯನ್ನೂ ತೋರಿಸಿದ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿ ಮೇಕೆಯ ಮೇಲೆ ಕನಿಕರವನ್ನೂ ತೋರಿಸಿತು ಎಂದು ಯಾವ ಗಾದೆಯಲ್ಲೂ ಇಲ್ಲ.

ತಂಗೆವ್ವ ಒಂದು ಚೀಲ ಎತ್ತಿ ಮೂಸಿದಳು. ಬಟ್ಟೆಯನ್ನು ಬೆರಳಿನಿಂದ ತಿಕ್ಕಿದಳು. ಏನೋ ಆಗಬಾರದ್ದು ಆಗಿತ್ತು, ಏನೆಂದು ಅವಳಿಗೆ ಹೊಳೆಯಲಿಲ್ಲ. ಹಿಟ್ಟು ಆರಿಸಿ ತುಂಬಿದಿರಾ ಎಂದು ಕೇಳಿದಳು. ಹೌದು ಎಂದ ಭಾರ್ಗವ, ಕಣ್ಣು ಮಿಟುಕಿಸದೆ. ಅವಳ ಮುಂದೆ ನಲವತ್ತು ಮನೆ ಕೂತಿತ್ತು, ನಲವತ್ತು ಮನೆಯ ಹಿಟ್ಟು ಹಾಳಾಗಿತ್ತು. ಅವಳಿಗೆ ಗೊತ್ತಿದ್ದದ್ದು ತವರಿನ ಓಣಿಯ ದಾರಿಯೊಂದೇ. ಅವಳು ಆ ದಾರಿಯನ್ನೇ ಹಿಡಿದಳು.

"ಚೀಲ ನಂದ್ರಿ," ಎಂದಳು. "ಹಿಟ್ಟ ಕೆಟ್ಟೈತಿ ಅಂದ್ರ ಅಷ್ಟೂ ಹಿಟ್ಟ ನಾ ಬೀಸಿ ತಂದ ಕೊಡತೀನಿ. ಯಾಕ ಕೆಟ್ಟತು ಅನ್ನೂದು ಆಮ್ಯಾಲೆ ನೋಡೂಣು."

ಭಾರ್ಗವ ಸಭೆಯ ಕಡೆ ತಿರುಗಿದ. "ನೋಡಿ ಸಾರ್, ಅವ್ರೇ ಒಪ್ಕೊಂಡ್ರಲ್ಲ."

ಅಷ್ಟೇ. ಅಲ್ಲಿಗೆ ಮುಗಿಯಿತು. ಜನ ಕುರ್ಚಿ ಎಳೆದುಕೊಂಡು ಎದ್ದರು. ತಾನು ಏನನ್ನೂ ಒಪ್ಪಿಕೊಂಡಿಲ್ಲ, ಹೊಣೆ ಹೊತ್ತಿದ್ದೇನೆ ಅಷ್ಟೆ ಎಂದು ತಂಗೆವ್ವ ಹೇಳುತ್ತಲೇ ಇದ್ದಳು. ಅವಳ ಮಾತಿನ ಧಾಟಿ ಕೇಳಿ ಇಬ್ಬರು ಹುಡುಗಿಯರು ನಕ್ಕರು. ತಪ್ಪು ಒಪ್ಪುವುದಕ್ಕೂ ಹೊಣೆ ಹೊರುವುದಕ್ಕೂ ಇರುವ ಅಂತರ ಆ ಸಭೆಯಲ್ಲಿ ಒಬ್ಬರಿಗೂ ತಿಳಿಯಲಿಲ್ಲವೇ? ತಿಳಿಯದೆ ಏನು. ತಿಳಿದುಕೊಂಡರೆ ನಷ್ಟವಾಗುತ್ತಿತ್ತು. ಸೀತಾಲಕ್ಷ್ಮಿ ಟೆಸ್ಟ್ ಮಾಡಿಸಿ ನೋಡಬೇಕು ಎಂದು ಯಾರಿಗೂ ಕೇಳದಷ್ಟು ಸಣ್ಣಗೆ ಹೇಳಿ ಎದ್ದುಹೋದರು.

ಮುಂದಿನ ಹದಿನೈದು ದಿನ ತಂಗೆವ್ವ ಮಾತಿಗೆ ತಪ್ಪದೆ ಹಿಟ್ಟು ಬೀಸಿದಳು. ಗೋಧಿ ತಂದು, ಕಲ್ಲು ಆಯ್ದು, ಬೀಸಿ, ಹರವಿ, ಚೀಲಕ್ಕೆ ತುಂಬಿ, ದ್ಯಾಮಣ್ಣನ ಸೈಕಲ್ಲಿನ ಹಿಂದೆ ಕಟ್ಟಿ ನಲವತ್ತು ಮನೆಗೂ ತಲುಪಿಸಿದಳು. ದೊಡ್ಡವರ ಸಹವಾಸ ಬ್ಯಾಡ ಅಂತ ಹೇಳಿದ್ದೆ ಎಂದು ದ್ಯಾಮಣ್ಣ ಗೊಣಗಿದ. ಅವನು ಹೇಳಿಯೇ ಇರಲಿಲ್ಲ. ಕೆಲವರು ಬಾಗಿಲ ಚೈನು ತೆಗೆಯದೆ ಸಂದಿಯಿಂದಲೇ ಹಿಟ್ಟು ಇಸಿದುಕೊಂಡರು. ಒಂದು ಮನೆಯಲ್ಲಿ ಅವಳ ಎದುರಿಗೇ ಅದನ್ನು ಕೆಲಸದವಳ ಕೈಗಿತ್ತು, ನೀನೇ ತಗೊಂಡು ಹೋಗು ಎಂದರು.

ಆ ಕೆಲಸದವಳು ಮುನಿಯಕ್ಕ. ಸಾರಕ್ಕಿಯವಳು. ಬೆಳಿಗ್ಗೆ ಅಪಾರ್ಟ್‌ಮೆಂಟಿನ ಎರಡು ಮನೆ, ಸಂಜೆ ಭಾರ್ಗವನ ಅಂಗಡಿಯ ಕಸ ಅವಳ ಪಾಲಿಗೆ. ಅವಳು ಮೆಟ್ಟಿಲಿಳಿದು ಬಂದು ತಂಗೆವ್ವನನ್ನು ಸೈಕಲ್ಲಿನ ಹತ್ತಿರ ನಿಲ್ಲಿಸಿದಳು. ಅವಳು ಹೇಳಿದ್ದಿಷ್ಟು: ಅಂಗಡಿಯಲ್ಲಿ ಹಿಟ್ಟನ್ನು ಒಂದು ದಿನವೂ ಆರಿಸಿಲ್ಲ. ಐದು ನಿಮಿಷದಲ್ಲಿ ಪ್ಯಾಕ್ ಎಂದು ಬರೆಸಿದ ಮೇಲೆ ಆರಿಸುವುದು ಎಲ್ಲಿ ಬಂತು? ಕೈ ಸುಡುವ ಹಿಟ್ಟು ನೇರ ಚೀಲಕ್ಕೆ ಬೀಳುತ್ತಿತ್ತು. ಬರೀ ಬಟ್ಟೆ ಕಂಡರೆ ಗಿರಾಕಿಗಳು ಕೊಳಕು ಅಂದುಕೊಳ್ಳುತ್ತಾರೆ ಎಂದು ಚೀಲದ ಮೇಲೊಂದು ದಪ್ಪ ಪ್ಲಾಸ್ಟಿಕ್ ಕವರು ತೊಡಿಸಿ ಮಿಷನ್ನಿನಲ್ಲಿ ಸೀಲು ಹಾಕುತ್ತಿದ್ದರು. ಸಭೆಯ ಹಿಂದಿನ ಸಂಜೆ, ಜನ ವಾಪಸು ತಂದುಕೊಟ್ಟಿದ್ದ ಕೆಟ್ಟ ಚೀಲಗಳ ಕವರನ್ನೆಲ್ಲ ಕತ್ತರಿಸಿ ತೆಗೆದು ಕಸಕ್ಕೆ ಹಾಕಿದ್ದನ್ನು ಅವಳೇ ಗುಡಿಸಿ ಎಸೆದಿದ್ದಳು.

"ಮೊದಲ್ನೇ ದಿನ ನಿಮ್ ಸೀತಾಲಕ್ಷ್ಮಿ ಮೇಡಂ ಅಲ್ಲೇ ಇದ್ರು ಕಣಕ್ಕಾ," ಎಂದಳು ಮುನಿಯಕ್ಕ. "ಬಿಸಿ ಹಿಟ್ಟು ತುಂಬ್ಸಿ ಸೀಲ್ ಹಾಕೋದನ್ನ ನಿಂತ್ಕೊಂಡು ನೋಡಿದ್ರು. ಪರವಾಗಿಲ್ಲ ಕಣೋ, ಚೆನ್ನಾಗಿ ಕಾಣ್ಸುತ್ತೆ ಅಂದ್ರು."

ತಂಗೆವ್ವ ಸೈಕಲ್ಲನ್ನು ಗಂಡನ ಕೈಗೆ ಬಿಟ್ಟು ಅಲ್ಲಿಂದ ನೇರ ಭಾರ್ಗವನ ಅಂಗಡಿಗೆ ನಡೆದಳು. ಅವನು ಪ್ರೂಫ್ ಏನಿದೆಯಮ್ಮ ಎಂದ. ಎದ್ದೂ ನಿಲ್ಲಲಿಲ್ಲ. ಬಾಗಿಲಿನ ಗಾಜಿಗೆ ಹೊಸ ಚೀಟಿ ಅಂಟಿಸಿದ್ದ: ಚೀಲ ತಯಾರಕರ ದೋಷದಿಂದ ಆದ ತೊಂದರೆಗೆ ವಿಷಾದಿಸುತ್ತೇವೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬುದನ್ನು ಕೇಳಿದ್ದೇವೆ. ಇವನು ಆ ಡೊಂಕನ್ನು ಅಚ್ಚು ಹಾಕಿಸಿ ಅಂಟಿಸಿದ್ದ.

ಅಲ್ಲಿಂದ ನಾಲ್ಕನೇ ಟಿ ಬ್ಲಾಕು. ಸೀತಾಲಕ್ಷ್ಮಿಯವರು ಗೇಟು ತೆರೆಯಲಿಲ್ಲ. ಗ್ರಿಲ್ಲಿನ ಆ ಕಡೆ ಅವರು, ಈ ಕಡೆ ಇವಳು. ಏಳು ವರ್ಷದಲ್ಲಿ ಆ ಗೇಟು ಇವಳಿಗೆ ಮುಚ್ಚಿದ್ದು ಅದೇ ಮೊದಲು. ತಂಗೆವ್ವ ಮೆಲ್ಲಗೇ ಕೇಳಿದಳು. ಬೇಡಿಕೊಂಡಳು ಎಂದರೂ ತಪ್ಪಿಲ್ಲ. ಹಿಟ್ಟು ಕೊಟ್ಟದ್ದಕ್ಕೆ ತನಗೆ ಬೇಸರವಿಲ್ಲ, ಅದು ತನ್ನ ಕಟ್ಟಳೆ. ಆದರೆ ಹಿಟ್ಟು ಕೊಟ್ಟವರಿಗೆ ನ್ಯಾಯ ಹೇಳುವುದೂ ಕಟ್ಟಳೆಯೇ. ನೀವು ಕಂಡದ್ದನ್ನು ಆ ನಲವತ್ತು ಮನೆಯವರ ಮುಂದೆ ಒಮ್ಮೆ ಹೇಳಿ, ಸಾಕು ಎಂದಳು.

"ನಂಗೆ ಸರಿಯಾಗಿ ನೆನಪಿಲ್ಲ ತಂಗೆವ್ವ," ಎಂದರು ಸೀತಾಲಕ್ಷ್ಮಿ. "ಅವ್ನು ನಮ್ಮನೆ ಹುಡುಗ. ಈಗಷ್ಟೇ ಅಂಗಡಿ ಶುರು ಮಾಡಿದಾನೆ. ಬಿಟ್ಬಿಡು ನೀನು."

ಬೂಷ್ಟು ಬೆಳೆದ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ನಿಂತುಕೊಂಡು ಬಂದು ತೋರಿಸಿದ ಹೆಂಗಸು ಇವರೇ. ಮೂವತ್ತು ವರ್ಷ ಹುಡುಗಿಯರಿಗೆ ಇದನ್ನೇ ಪಾಠ ಹೇಳಿ ಪೆನ್ಶನ್ ತಿನ್ನುತ್ತಿರುವವರೂ ಇವರೇ. ಅವರಿಗೆ ನೆನಪಿಲ್ಲವಂತೆ. ಸುಳ್ಳು ಹೇಳುವವನನ್ನು ಎದುರಿಸಬಹುದು. ಅವನು ಕಳ್ಳ, ಕಳ್ಳನ ಕೆಲಸ ಮಾಡಿದ. ನಿಜ ಗೊತ್ತಿದ್ದು ಬಾಯಿಗೆ ಬೀಗ ಹಾಕಿಕೊಂಡವರ ಮುಂದೆ ಏನು ಮಾಡುವುದು? ತಂಗೆವ್ವ ಅವತ್ತು ಸಿಟ್ಟಿನಿಂದ ಅತ್ತಳು. ದ್ಯಾಮಣ್ಣ ಅವಳು ಅತ್ತದ್ದನ್ನು ಮದುವೆಯಾದ ಮೇಲೆ ಎರಡನೇ ಸಲ ನೋಡಿದ್ದು.

ಆಮೇಲಿನ ತಿಂಗಳುಗಳಲ್ಲಿ ಹೆಸರು ಹೋಗುವುದು ಎಂದರೇನು ಎಂದು ಅವಳಿಗೆ ತಿಳಿಯಿತು. ಒಂದೇ ದಿನ ಹೋಗುವಂಥದ್ದಲ್ಲ ಅದು. ಇವತ್ತು ಒಬ್ಬರು ಬರುವುದಿಲ್ಲ, ನಾಳೆ ಇನ್ನೊಬ್ಬರು. ಎದುರು ಸಿಕ್ಕವರು ಊರಿಗೆ ಹೋಗಿದ್ವಿ ಎನ್ನುತ್ತಾರೆ, ಸಂಜೆ ನೋಡಿದರೆ ಬೇರೆ ಗಿರಣಿಯ ಮುಂದೆ ಡಬ್ಬ ಹಿಡಿದು ನಿಂತಿರುತ್ತಾರೆ. ಬೂಷ್ಟಿನ ಚೀಲದವಳು ಎಂದು ಯಾರೋ ಅಂದದ್ದು ಅವಳ ಕಿವಿಗೂ ಬಿತ್ತು. ಜೋಳದ ಹುಡುಗರು ಮಾತ್ರ ಬಿಡಲಿಲ್ಲ. ನಿಮ್ಮ ಹಿಟ್ಟ ತಿಂದ ನಾವ್ ಯಾರರ ಸತ್ತೇವೇನ್ರೀ ಎಂದು ನಗಿಸುತ್ತಿದ್ದರು. ಅವಳು ನಗುತ್ತಿರಲಿಲ್ಲ. ಹೊಸ ಚೀಲ ಹೊಲಿಯಲು ಕೂತರೆ ಸೂಜಿ ಓಡುತ್ತಿರಲಿಲ್ಲ. ಕೂಲಿಯ ಕೆಲಸ ಯಾರಾದರೂ ಮಾಡುತ್ತಾರೆ. ಈ ಚೀಲವೊಂದೇ ಅವಳು ತವರಿನಿಂದ ತಂದ ವಿದ್ಯೆ. ಅದು ಸುಳ್ಳೆಂದು ಊರೆಲ್ಲ ನಂಬಿತ್ತು. ನಿಜವೆಂದು ಬಲ್ಲ ಓದಿದವರೊಬ್ಬರು ಗ್ರಿಲ್ಲಿನ ಹಿಂದೆ ಸುಮ್ಮನೆ ಕೂತಿದ್ದರು. ದ್ಯಾಮಣ್ಣ ಮರೆತುಬಿಡು ಎಂದಾಗಲೆಲ್ಲ ಅವಳು, ಮರೆಯಾಕ ನಾನೇನ ಕಾಲೇಜ ಕಲಿತೇನೇನು ಎನ್ನುತ್ತಿದ್ದಳು.

ಎರಡು ಸಾವಿರದ ಐದರ ಫೆಬ್ರವರಿ. ಒಂದು ಭಾನುವಾರ ಬೆಳಿಗ್ಗೆ ಸಾರಕ್ಕಿ ಕಡೆ ಕರೆಂಟಿರಲಿಲ್ಲ. ಅಲ್ಲಿನ ಗಿರಣಿಗಳು ನಿಂತದ್ದರಿಂದ ಬಿಟ್ಟುಹೋದವರೆಲ್ಲ ಬೇರೆ ದಾರಿಯಿಲ್ಲದೆ ತಾವರೆಕೆರೆಗೇ ಬಂದರು. ಬಹಳ ದಿನದ ಮೇಲೆ ಗಿರಣಿಯ ಮುಂದೆ ಸಾಲು ಬೆಳೆಯಿತು. ಆ ಅಪಾರ್ಟ್‌ಮೆಂಟಿನ ನಾಲ್ಕೈದು ಹೆಂಗಸರೂ ಡಬ್ಬ ಹಿಡಿದು, ಅವಳ ಮುಖ ನೋಡದೆ ನಿಂತಿದ್ದರು. ತಂಗೆವ್ವ ಅವರ ಡಬ್ಬಗಳನ್ನೂ ಸರದಿಯಂತೆ ತೆಗೆದುಕೊಂಡಳು. ಧಾನ್ಯ ಸುರಿದಳು, ಹಿಟ್ಟು ತುಂಬಿಕೊಟ್ಟಳು, ಆರಿಸಿ ಮುಚ್ಚಿ ಎಂದಳು.

ಆಗ ಸಾಲಿನ ಪಕ್ಕದಿಂದ ಸೀತಾಲಕ್ಷ್ಮಿ ಒಳಗೆ ಬಂದರು. ಆಟೋ ಸ್ವಲ್ಪ ದೂರದಲ್ಲೇ ನಿಂತಿತ್ತು. ಕೈಯಲ್ಲಿ ಸ್ಟೀಲ್ ಡಬ್ಬ. ಅದರಲ್ಲಿ ಮೊಳಕೆ ಕಟ್ಟಿ ಒಣಗಿಸಿ ಹುರಿದ ರಾಗಿ. ಕಲ್ಲಿನ ಸದ್ದಿನಲ್ಲಿ ಅವರು ತಂಗೆವ್ವನ ಕಿವಿಯ ಹತ್ತಿರ ಬಾಗಿ ಹೇಳಬೇಕಾಯಿತು. ಮಗಳು ಶುಭಾ ಬಾಣಂತನ ಮುಗಿಸಿಕೊಂಡು ಇಲ್ಲೇ ಇದ್ದಾಳೆ. ಮಗುವಿಗೆ ಆರು ತಿಂಗಳು ತುಂಬಿತು, ರಾಗಿ ಸರಿ ಶುರು ಮಾಡಬೇಕು. ಅಂಗಡಿಯ ಹಿಟ್ಟು ನಂಬುವ ಹಾಗಿಲ್ಲ. ನೀನೇ ಬೀಸಿ, ನಿನ್ನ ಚೀಲದಲ್ಲೇ ಹಾಕಿಕೊಡು. ಒಂದು ಚೀಲ ಇದ್ದರೆ ಸಾಕು, ಯಾರಿಗೂ ಹೇಳಬೇಕಾಗಿಲ್ಲ.

ತಂಗೆವ್ವ ಅವರ ಮುಖ ನೋಡಿದಳು. ಆಮೇಲೆ ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ಆರಿಸಿದಳು. ಬೆಲ್ಟು ಎರಡು ಸುತ್ತು ಜಾರಿ ನಿಂತಿತು. ಸದ್ದು ನಿಂತ ಗಿರಣಿಯಲ್ಲಿ ಸಾಲಿನಲ್ಲಿದ್ದವರೆಲ್ಲ ಕರೆಂಟು ಹೋಯಿತೇನೋ ಎಂದು ತಲೆಯೆತ್ತಿದರು. ಬಲ್ಬು ಉರಿಯುತ್ತಲೇ ಇತ್ತು.

"ಅಕ್ಕಾರ," ಎಂದಳು ತಂಗೆವ್ವ, ಎಲ್ಲರಿಗೂ ಕೇಳುವ ಹಾಗೆ. "ಮಂದಿ ಮಕ್ಕಳಿಗೆ ನನ್ನ ಚೀಲ ವಿಷ. ನಿಮ್ಮ ಮೊಮ್ಮಗಗ ಹೆಂಗ ನಡೀತೈತಿ?"

ಸೀತಾಲಕ್ಷ್ಮಿ ಮೆಲ್ಲಗೆ ಮಾತಾಡು ಎಂದರು. ಜನ ಇದ್ದಾರೆ ಎಂದರು. ಜನ ಇರುವುದಕ್ಕೇ ಕೇಳುತ್ತಿದ್ದೇನೆ ಎಂದಳು ಇವಳು. ಡಬ್ಬವನ್ನು ಅವರ ಕೈಯಿಂದ ತೆಗೆದುಕೊಂಡು ಕಟ್ಟೆಯ ಮೇಲಿಟ್ಟಳು. ರಾಗಿಯನ್ನು ಬೀಸಿಯೇ ಬೀಸುತ್ತೇನೆ, ಕೂಸಿನ ಹಿಟ್ಟಿಗೆ ಇಲ್ಲ ಅನ್ನುವವಳು ನಾನಲ್ಲ, ನೀವು ಬಾಯಿ ಬಿಡದಿದ್ದರೂ ಬೀಸುತ್ತೇನೆ, ಚೀಲವನ್ನೂ ಕೊಡುತ್ತೇನೆ ಎಂದಳು. ಆದರೆ ಆ ಮನೆಗಳ ಹೆಂಗಸರು ಇಲ್ಲೇ ನಿಂತಿದ್ದಾರೆ. ಅವರ ಹಿಟ್ಟು ಯಾತರಿಂದ ಕೆಟ್ಟಿತು ಎಂದು ನಿಮಗೆ ನೆನಪಾಗುತ್ತದೋ ಇಲ್ಲವೋ, ಅಷ್ಟನ್ನು ಹೇಳಿ.

ಸೀತಾಲಕ್ಷ್ಮಿ ಸೆರಗು ಎಳೆದುಕೊಂಡರು, ಆಟೋ ಕಡೆ ನೋಡಿದರು. ಆಟೋದಲ್ಲಿ ಶುಭಾ ಮಗುವನ್ನು ಭುಜದ ಮೇಲೆ ಹಾಕಿಕೊಂಡು ಕೂತಿದ್ದಳು. ಚೀಲ ಹೇಗೂ ಸಿಗುತ್ತದೆ ಎಂದು ತಿಳಿದ ಮೇಲೆ ಸುಮ್ಮನಿದ್ದುಬಿಡಬಹುದಿತ್ತು. ಬಹುಶಃ ಹಾಗೆ ತಿಳಿದದ್ದೇ ಅವರನ್ನು ಚುಚ್ಚಿತು.

"ಚೀಲದ್ ತಪ್ಪಲ್ಲ," ಎಂದರು.

ಕೇಳಿಸಲಿಲ್ಲ ಎಂದು ಹಿಂದಿನಿಂದ ಒಬ್ಬ ಹೆಂಗಸು ಹೇಳಿದರು. ಸೀತಾಲಕ್ಷ್ಮಿ ಅವರ ಕಡೆ ತಿರುಗಿದರು. ಈ ಸಲ ದನಿಯಲ್ಲಿ ಹಳೆಯ ತರಗತಿಯ ಗಟ್ಟಿತನ ಬಂತು. ಅಂಗಡಿಯಲ್ಲಿ ಹಿಟ್ಟು ಬಿಸಿ ಇದ್ದಾಗಲೇ ತುಂಬಿದ್ದರು. ಮೇಲೆ ಪ್ಲಾಸ್ಟಿಕ್ ಹಾಕಿ ಸೀಲ್ ಮಾಡಿದ್ದರು. ಬೆವರಿದ ನೀರು ಹೊರಗೆ ಹೋಗಲು ದಾರಿಯಿರಲಿಲ್ಲ. ಹಾಗೆ ಇಟ್ಟರೆ ಯಾವ ಚೀಲದಲ್ಲಿದ್ದರೂ ಬೂಷ್ಟು ಬರುತ್ತದೆ. ಇವಳ ಬಟ್ಟೆಯನ್ನು ನನ್ನ ಲ್ಯಾಬಿನಲ್ಲೇ ಪರೀಕ್ಷೆ ಮಾಡಿ ನೋಡಿದ್ದೇನೆ, ಅದರ ಹತ್ತಿರ ಬೂಷ್ಟು ಸುಳಿಯುವುದಿಲ್ಲ. ಸಭೆಗೆ ತರುವ ಮುಂಚೆ ಆ ಕವರುಗಳನ್ನು ಕಿತ್ತುಹಾಕಿದ್ದೂ ಅವತ್ತು ಮೇಜು ನೋಡಿದಾಗಲೇ ನನಗೆ ಗೊತ್ತಾಗಿತ್ತು. "ತುಂಬೋದನ್ನ ನಾನೇ ಕಣ್ಣಾರೆ ನೋಡಿದೀನಿ. ಅವತ್ತೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲಸದವಳಿಗೆ ಹಿಟ್ಟು ಕೊಟ್ಟುಬಿಟ್ಟಿದ್ದ ಹೆಂಗಸು ಡಬ್ಬದ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ಅಯ್ಯೋ, ನಮಗೆ ಗೊತ್ತೇ ಇರಲಿಲ್ಲ ಎಂದು ಒಬ್ಬರು ಶುರುಮಾಡಿದರು. ತಂಗೆವ್ವ ಅವರ ಮಾತಿಗೆ ನಿಲ್ಲಲಿಲ್ಲ. ಸ್ವಿಚ್ಚು ಹಾಕಿದಳು. ಕಲ್ಲನ್ನು ಬ್ರಷ್ಷಿನಿಂದ ಎರಡು ಸಲ ಒರೆಸಿ, ಮೊದಲು ಬಿದ್ದ ಹಿಡಿ ಹಿಟ್ಟನ್ನು ಹೊರಗೆ ಹಾಕಿ, ರಾಗಿಯನ್ನು ನುಣ್ಣಗೆ ಬೀಸಿದಳು. ಜರಡಿ ಹಿಡಿದಳು. ಹಿಂದಿನ ಕೋಣೆಯಲ್ಲಿ ಬಿಳಿ ಬಟ್ಟೆಯ ಮೇಲೆ ತೆಳ್ಳಗೆ ಹರವಿದಳು. ಆರುವ ತನಕ ಸೀತಾಲಕ್ಷ್ಮಿ ಮುಂದೆ ಕಟ್ಟೆಯ ಪಕ್ಕದ ಸ್ಟೂಲಿನ ಮೇಲೆ ಕೂತಿರಬೇಕಾಯಿತು, ಸಾಲಿನವರ ಕಣ್ಣೆದುರಿಗೆ, ಮುಕ್ಕಾಲು ಗಂಟೆ. ಯಾರೂ ಅವರನ್ನು ಮಾತಾಡಿಸಲಿಲ್ಲ. ದ್ಯಾಮಣ್ಣ ಮಾತ್ರ ಒಂದು ಲೋಟ ನೀರು ಕೊಟ್ಟ.

ಹಿಟ್ಟು ಆರಿದ ಮೇಲೆ ತಂಗೆವ್ವ ಚೀಲಗಳಲ್ಲಿ ಒಳ್ಳೆಯದೊಂದನ್ನು ಆರಿಸಿ, ತುಂಬಿ, ಬಾಯಿಗೆ ದಾರ ಕಟ್ಟಿ, ಎರಡು ಕೈಯಿಂದ ಕೊಟ್ಟಳು. ಇನ್ನು ಸಮಾಧಾನ ಆಯ್ತಾ ತಂಗೆವ್ವ, ಎಂದು ಕೇಳಿದರು ಸೀತಾಲಕ್ಷ್ಮಿ. ಅವರ ಕಣ್ಣು ಒದ್ದೆಯಾಗಿತ್ತು.

"ಏಳು ವರ್ಷ ನನ್ನ ಚೀಲದಾಗಿನ ಹಿಟ್ಟ ಉಂಡೀರಿ," ಎಂದಳು ತಂಗೆವ್ವ. "ಇಷ್ಟ ಮಾತ ಹೇಳಾಕ ನಿಮಗ ಮೊಮ್ಮಗ ಹುಟ್ಟಬೇಕಾತಲ್ರೀ, ಅಕ್ಕಾರ."

ಸೀತಾಲಕ್ಷ್ಮಿ ಚೀಲವನ್ನು ಎದೆಗೆ ಹಿಡಿದುಕೊಂಡು ಆಟೋ ಕಡೆ ಹೋದರು. ತಂಗೆವ್ವ ಸಾಲಿನಲ್ಲಿ ಮುಂದಿದ್ದವರ ಗೋಧಿ ಡಬ್ಬಕ್ಕೆ ಕೈ ಚಾಚಿದಳು.